ಕರಪತ್ರದ ಕಡೇ ಸಾಲು

(ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಪಿಯುಸಿ. ಭಾಷಣಕಾರನಲ್ಲ, ಪ್ರೆಸ್ಸಿನವನು. ನಿಮ್ಮ ಕರಪತ್ರದ ಕಡೇ ಸಾಲಿನಲ್ಲಿ ಸಣ್ಣಕ್ಷರದಲ್ಲಿ ನಮ್ಮ ಪ್ರೆಸ್ಸಿನ ಹೆಸರು, ಊರು ಇರುತ್ತದಲ್ಲ, ಅದು ಜಾಹೀರಾತು ಎಂದು ಕೆಲವರು ತಿಳಿದಿದ್ದಾರೆ. ಅಲ್ಲ ಸ್ವಾಮಿ! ಬ್ರಿಟಿಷರು 1867ರಲ್ಲಿ ಮಾಡಿದ ಕಾಯಿದೆಯಿಂದ ಬಂದ ಪದ್ಧತಿ ಅದು. ಬರೆದವನು ಸಿಗದಿದ್ದರೆ ಅಚ್ಚು ಹಾಕಿದವನಾದರೂ ಸಿಗಲಿ ಎಂಬ ಲೆಕ್ಕ. 2024ರ ಮಾರ್ಚ್‌ನಲ್ಲಿ ಆ ಕಾಯಿದೆ ಹೋಗಿ ಹೊಸದು ಬಂತು. ಆದರೆ ಚುನಾವಣೆಯ ಕರಪತ್ರದಲ್ಲಿ ಮುದ್ರಕನ ಹೆಸರು, ವಿಳಾಸ ಇಲ್ಲದಿದ್ದರೆ ಇವತ್ತಿಗೂ ಆರು ತಿಂಗಳವರೆಗೆ ಜೈಲು ಆಗಬಹುದು.

ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬ ಮಾತೇ ಇಲ್ಲ. ಇರುವುದು ವಾಕ್ ಸ್ವಾತಂತ್ರ್ಯ. ಪತ್ರಿಕೆಯದೂ ಅದರೊಳಗೇ ಎಂದು 1950ರಲ್ಲಿ ಸುಪ್ರೀಂ ಕೋರ್ಟು ಹೇಳಿ, 'ಕ್ರಾಸ್ ರೋಡ್ಸ್' ಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದೆಂದು ಮದ್ರಾಸ್ ಸರ್ಕಾರ ಮಾಡಿದ್ದ ಆಜ್ಞೆಯನ್ನು ತಳ್ಳಿಹಾಕಿತು. ಮರುವರ್ಷವೇ ನೆಹರೂ ಸರ್ಕಾರ ಮೊದಲ ತಿದ್ದುಪಡಿ ತಂದು 'ಸಾರ್ವಜನಿಕ ಸುವ್ಯವಸ್ಥೆ' ಎಂಬ ಕಾರಣವನ್ನು ಸೇರಿಸಿತು. ಜೊತೆಗೆ ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಪದವೂ ಬಂತು. ಆ ಒಂದು ಪದದಿಂದಲೇ ಕೋರ್ಟಿಗೆ ಸರ್ಕಾರದ ನಿರ್ಬಂಧವನ್ನು ತೂಗಿ ನೋಡುವ ಅಧಿಕಾರ ಸಿಕ್ಕಿತು.

ಪುಣೆಯ ಮರಾಠಿ ಪತ್ರಿಕೆ 'ಸಕಾಳ್' ಕಥೆ ಕೇಳಿ. ಇಷ್ಟು ಪುಟಕ್ಕೆ ಇಷ್ಟು ಬೆಲೆ ಎಂದು ಸರ್ಕಾರವೇ ಗೊತ್ತುಮಾಡಲು ಹೊರಟಿತು. ಸಣ್ಣ ಪತ್ರಿಕೆಗಳು ಉಳಿಯಲಿ ಅಂತ, ಎಂದು ಸಬೂಬು. 1961ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 'ಸಾರ್ವಜನಿಕ ಹಿತ' ಎಂಬ ಕಾರಣ 19(2)ರ ಪಟ್ಟಿಯಲ್ಲೇ ಇಲ್ಲ ಎಂದಿತು. ದೇಶದ ಭದ್ರತೆ, ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ, ಹೀಗೆ ಎಣಿಸಿ ಇಟ್ಟ ಕಾರಣಗಳಿಗೆ ಮಾತ್ರ ತಡೆ ಹಾಕಬಹುದು. ಅದೂ ಕಾನೂನಿನ ಮೂಲಕ.

ಆ ಪಟ್ಟಿಯಲ್ಲಿ ಠಾಣೆಯಿಂದ ಬರುವ ಫೋನು ಇಲ್ಲ. ಕೆಲವು ವರ್ಷದ ಹಿಂದೆ ಕುಡಿಯುವ ನೀರಿಗಾಗಿ ಹುಡುಗರು ಒಂದು ಕರಪತ್ರ ತಂದರು. 'ಅದನ್ನ ಹಾಕಬೇಡ್ರಿ, ಮೇಲಿನವರು ಹೇಳಿದಾರೆ' ಎಂದು ಫೋನು ಬಂತು. 'ಬರೆದುಕೊಡಿ ಸಾರ್' ಅನ್ನಬೇಕಿತ್ತು. ಅನ್ನಲಿಲ್ಲ. ಪ್ಲೇಟು ಬಿಚ್ಚಿಟ್ಟೆ. ಹುಡುಗರು ಜೆರಾಕ್ಸ್ ಮಾಡಿಸಿ ಹಂಚಿದರು, ಯಾರಿಗೂ ಏನೂ ಆಗಲಿಲ್ಲ. ನಮ್ಮ ತಂದೆ ಟ್ರೆಡಲ್ ತುಳಿದು ಕಟ್ಟಿದ ಪ್ರೆಸ್ಸು ಅದು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇನ್ನೊಂದು ಸಲ ನಮ್ಮವರೇ ಬಂದರು. ಅಂಗಡಿಯ ಹೆಸರು ಹಾಕಿ, ಇವರನ್ನು ಹೊಡೆದೋಡಿಸಿ ಎಂದು ಬರೆದಿದ್ದರು. 'ಬೋರ್ಡಿನಲ್ಲಿ ಕನ್ನಡ ಕೇಳಿ, ಎಷ್ಟು ಖಾರ ಬೇಕಾದರೂ ಹಾಕ್ತೀನಿ. ಈ ಸಾಲು ಹಾಕಲ್ಲ' ಎಂದೆ. ಅದು ಪಟ್ಟಿಯೊಳಗಿನ ಮಾತು, ಪ್ರಚೋದನೆ. ಸಿಟ್ಟಾಗಿ ಹೋದರು. ಅವರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ, ನಗ್ತಾ ಇದ್ದಾರೆ.

ಮುಂದೆ ಫೋನು ಬಂದರೆ ಲಿಖಿತ ಆದೇಶ ಕೇಳುತ್ತೇನೆ. ಅವತ್ತು ನಿಮ್ಮಲ್ಲಿ ನಾಲ್ಕು ಜನ ಪ್ರೆಸ್ಸಿನ ಬಾಗಿಲಲ್ಲಿ ಬಂದು ನಿಲ್ಲಬೇಕು.