ಅವಳ ಲೋಟ ಯಾಕೆ ಬೇರೆ?

(ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಜಾತಿ, ಮೈಬಣ್ಣಗಳ ತಾರತಮ್ಯದ ಬಗ್ಗೆ ಮಕ್ಕಳೊಂದಿಗೆ ಹೇಗೆ ಮಾತಾಡಬೇಕು ಎಂಬುದು ಇಂದಿನ ವಿಷಯ. ಉಪದೇಶಕ್ಕೆ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನನ್ನ ಮಗಳಿಗೆ ಆಗ ಆರು ವರ್ಷ. ಒಂದು ಸಂಜೆ ಶಾಲೆಯ ಗೆಳತಿಯನ್ನು ಮನೆಗೆ ಕರೆತಂದಳು. ಇಬ್ಬರೂ ನೀರು ಕೇಳಿದರು. ನಮ್ಮತ್ತೆ ಮೊಮ್ಮಗಳಿಗೆ ಸ್ಟೀಲ್ ಲೋಟದಲ್ಲಿ ಕೊಟ್ಟರು. ಆ ಹುಡುಗಿಗೆ ಹಿತ್ತಿಲಲ್ಲಿ ಇಟ್ಟಿದ್ದ ಹಳೆಯ ಲೋಟ, ಅದೂ ಹೊಸ್ತಿಲಾಚೆ. ನಾನು ಅಲ್ಲೇ ಇದ್ದೆ. ಕಾಲೇಜಿನಲ್ಲಿ ಸಮಾನತೆಯ ಪಾಠ ಹೇಳುತ್ತಿದ್ದವಳು ಬಾಯಿ ಬಿಡಲಿಲ್ಲ. ರಾತ್ರಿ ಮಗಳು ಕೇಳಿದಳು: "ಅಮ್ಮಾ, ಅವಳ ಲೋಟ ಯಾಕೆ ಬೇರೆ?" ನಾನು, "ಸುಮ್ನೆ ಊಟ ಮಾಡು" ಎಂದೆ.

ಕೆಲವು ದಿನ ಕಳೆದವು. ಮಗಳು ಗೊಂಬೆಗಳನ್ನು ಕೂರಿಸಿಕೊಂಡು ಮನೆಯಾಟ ಆಡುತ್ತಿದ್ದಳು. ಎಲ್ಲ ಗೊಂಬೆಗಳಿಗೂ ಪುಟ್ಟ ಲೋಟ. ಒಂದಕ್ಕೆ ಮಾತ್ರ ತೆಂಗಿನ ಚಿಪ್ಪು, ಬಾಗಿಲ ಹೊರಗೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಯ ಕೈ, ನನ್ನ ಮೌನ, ಎರಡೂ ಸೇರಿ ಪಾಠ ಮಾಡಿದ್ದವು. ಆ ಗೆಳತಿ ಮತ್ತೆ ನಮ್ಮ ಮನೆಗೆ ಬರಲಿಲ್ಲ.

"ಮಕ್ಕಳಿಗೆ ಇದೆಲ್ಲ ಯಾಕೆ, ದೊಡ್ಡವರಾದ ಮೇಲೆ ಗೊತ್ತಾಗುತ್ತೆ" ಎನ್ನುತ್ತೇವೆ. ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಯಾರು ಒಳಗೆ ಬರುತ್ತಾರೆ, ಯಾರು ಜಗಲಿಯಲ್ಲೇ ನಿಲ್ಲುತ್ತಾರೆ ಎಂಬುದನ್ನು ಐದು ವರ್ಷದ ಮಗುವೂ ನೋಡುತ್ತದೆ. ಗೊತ್ತಿಲ್ಲದಿರುವುದು ಒಂದೇ, ಅದು ತಪ್ಪು ಎಂಬುದು. ಅದನ್ನು ಹೇಳಬೇಕಾದವರು ನಾವು.

ಚಿಕ್ಕ ಮಗು ಕೇಳಿದರೆ ಚಿಕ್ಕ ಉತ್ತರ ಸಾಕು: "ಕೆಲವರನ್ನು ಹುಟ್ಟಿನಿಂದ ಕೀಳು ಅಂತ ದೂರ ಇಡುತ್ತಾರೆ. ಅದು ಸುಳ್ಳು. ಅನ್ಯಾಯ." "ಹಾಗಾದರೆ ಅಜ್ಜಿ ಕೆಟ್ಟವಳಾ?" ಎಂದು ಕೇಳಿದರೆ ಹೆದರಬೇಡಿ. "ಅಜ್ಜಿಗೆ ನಿನ್ನ ಮೇಲೆ ಬಹಳ ಪ್ರೀತಿ. ಆದರೆ ಅಜ್ಜಿ ಮಾಡಿದ್ದು ತಪ್ಪು" ಎನ್ನಿ. ಎರಡೂ ನಿಜ. ಮಕ್ಕಳಿಗೆ ಅರ್ಥವಾಗುತ್ತದೆ.

ಹತ್ತು ವರ್ಷದವರಿಗೆ ಅಂಬೇಡ್ಕರರ ಬಾಲ್ಯದ ಕತೆ ಹೇಳಿ. ಸಾತಾರಾದ ಶಾಲೆಯಲ್ಲಿ ಆ ಹುಡುಗ ಕೂರಲು ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು. ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಅದೇ ಹುಡುಗ ದೊಡ್ಡವನಾಗಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾದ. ಹೈಸ್ಕೂಲಿನವರಿಗೆ ಕಾನೂನು ತಿಳಿಸಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 1989ರಲ್ಲಿ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದಿದೆ.

ಇಲ್ಲಿ ಆ ಹಳೆಯ ಲೋಟದಲ್ಲಿ ನೀರು ಕುಡಿದು ಬೆಳೆದ ಸೋದರಿಯರೂ ಕೂತಿದ್ದೀರಿ. ಅವಮಾನ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ. ಮಗು ಅಳುತ್ತಾ ಬಂದಾಗ "ನಮ್ಮ ಹಣೆಬರಹ, ಸಹಿಸಿಕೋ" ಎನ್ನಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಮೊದಲು ಪೂರ್ತಿ ಕೇಳಿ. "ತಪ್ಪು ನಿನ್ನದಲ್ಲ, ನೀನು ಯಾರಿಗೂ ಕಡಿಮೆಯಲ್ಲ" ಎನ್ನಿ. ಶಾಲೆಯಲ್ಲಿ ನಡೆದಿದ್ದರೆ ಮುಖ್ಯೋಪಾಧ್ಯಾಯರ ಬಳಿಗೆ, ಶಾಲಾ ಮೇಲುಸ್ತುವಾರಿ ಸಮಿತಿಯ ಬಳಿಗೆ ಹೋಗಿ. ಒಬ್ಬರೇ ಹೋಗಬೇಡಿ, ಗುಂಪಿನ ನಾಲ್ವರು ಜೊತೆಗಿರಲಿ. ಆ ನಾಲ್ವರಲ್ಲಿ ಬೇರೆ ಜಾತಿಯವರೂ ಇರಲಿ. ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು ಬಣ್ಣ. ಮಗು ಹುಟ್ಟಿದೊಡನೆ "ಹೆಣ್ಣು, ಅದೂ ಕಪ್ಪು" ಎನ್ನುತ್ತೇವೆ. ಕಡಲೆಹಿಟ್ಟು ಹಚ್ಚುತ್ತೇವೆ, ಬಿಸಿಲಿಗೆ ಹೋಗಬೇಡ ಎನ್ನುತ್ತೇವೆ. ಅವಳೆದುರೇ ಹೇಳುತ್ತೇವೆ: "ಇವಳಿಗೆ ವರದಕ್ಷಿಣೆ ಜಾಸ್ತಿ ಕೊಡಬೇಕಾಗುತ್ತೆ." ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು. ಆದರೆ ಮೈಬಣ್ಣಕ್ಕೆ ಮೊದಲು ಬೆಲೆ ಕಟ್ಟಿದವರು ಗಂಡಿನ ಕಡೆಯವರಲ್ಲ, ನಾವೇ. ನಾಳೆ ಗಂಡನ ಮನೆಯಲ್ಲಿ "ಕರಿಮುಸುಡಿ" ಎಂದು ಹೊಡೆದಾಗ, ಈ ಮಾತು ತನಗೆ ಸಲ್ಲಬೇಕಾದ್ದೇ ಎಂದು ಅವಳು ನಂಬಿರುತ್ತಾಳೆ.

ಬೇರೆಯವರ ಬಣ್ಣದ ಬಗ್ಗೆಯೂ ಅಷ್ಟೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಜನರ ಪೂರ್ವಜರು ಆಫ್ರಿಕಾದವರು. ಅನೇಕರನ್ನು ಗುಲಾಮರಾಗಿ ಹಡಗಿನಲ್ಲಿ ತಂದಿದ್ದರು. ತಲೆತಲಾಂತರದಿಂದ ಅವರು ಇಲ್ಲಿಯವರೇ. ಅವರ ಗುಂಗುರು ಕೂದಲು ಕಂಡು ನಮ್ಮ ಮಗು ನಕ್ಕರೆ ನಾವೂ ನಗಬಾರದು, ಗದರಿ ಬಾಯಿ ಮುಚ್ಚಿಸಲೂಬಾರದು. ಅವರ ಕತೆ ಹೇಳಬೇಕು.

ಮಾತು ಮುಗಿಸುತ್ತೇನೆ. ನಮ್ಮ ಗುಂಪಿನಲ್ಲಿ ವಾರದ ಉಳಿತಾಯವನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕುತ್ತೇವೆ. ನೋಟಿಗೆ ಮೈಲಿಗೆಯಿಲ್ಲ. ಆದರೆ ಸಭೆ ಯಾರ ಮನೆಯಲ್ಲಿ ನಡೆಯುತ್ತದೆ, ಯಾರ ಮನೆಯಲ್ಲಿ ನಡೆಯುವುದೇ ಇಲ್ಲ? ಟೀ ಯಾರು ಮಾಡುತ್ತಾರೆ, ಯಾರು "ಈಗ ತಾನೇ ಕುಡಿದೆ" ಎನ್ನುತ್ತಾರೆ? ಮುಂದಿನ ಸಭೆಯನ್ನು ಇದುವರೆಗೆ ಹೋಗದ ಮನೆಯಲ್ಲಿ ಮಾಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರೆದುರು ಆ ಮನೆಯ ನೀರು ಕುಡಿಯಿರಿ.

ನಮ್ಮ ಮನೆಯಿಂದ ಆ ಲೋಟ ತೆಗೆಯಲು ನನಗೆ ಇನ್ನೊಂದು ವರ್ಷ ಹಿಡಿಯಿತು. ನೀವು ಅಷ್ಟು ತಡಮಾಡಬೇಡಿ.