ಬೋರ್ಡು ಯಾರದು, ಲೈಸೆನ್ಸು ಯಾರದು?

(ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಸಭೆಗಳಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಮೇಷ್ಟರಾಗಿದ್ದೆವು. ಸೀಮೆಸುಣ್ಣ ಕೆಳಗಿಟ್ಟು ಬಾವುಟ ಹಿಡಿದವರು. ಒಂದು ದಿನ ಮೂರನೆಯ ತರಗತಿಯ ಮಕ್ಕಳಿಗೆ, “ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಓದಿದ ಹತ್ತು ಮಾತುಗಳನ್ನು ಬರೆಯಿರಿ” ಎಂದು ಹೇಳಿದೆವು. ಮಕ್ಕಳು ಬರೆದರು. ಬಸ್ ನಿಲ್ದಾಣ, ಸೊಸೈಟಿ, ಔಷಧಿ ಅಂಗಡಿ, ಹೋಟೆಲು. ಆದರೆ ಹೆಚ್ಚು ಮಕ್ಕಳ ಸ್ಲೇಟಿನಲ್ಲಿ, ಒತ್ತಕ್ಷರವೊಂದೂ ತಪ್ಪದೆ ಬಂದ ಮಾತು ಯಾವುದು ಗೊತ್ತೆ? “ಬಾರ್ ಅಂಡ್ ರೆಸ್ಟೋರೆಂಟ್.” ನಾವು ಮೂರು ತಿಂಗಳು ತಿದ್ದಿಸಿದರೂ ಬಾರದ ಒತ್ತಕ್ಷರವನ್ನು ಆ ಬೋರ್ಡು ಕಲಿಸಿಬಿಟ್ಟಿತ್ತು. ನಗು ಬಂತು. ಆಮೇಲೆ ನಾಚಿಕೆಯಾಯಿತು. ಈ ಊರಿನಲ್ಲಿ ನಮಗಿಂತ ದೊಡ್ಡ ಮೇಷ್ಟರು ಒಬ್ಬರಿದ್ದಾರೆ, ಅವರು ಗೋಡೆಯ ಮೇಲೆ ಹಗಲೂ ರಾತ್ರಿ ದೀಪ ಹಾಕಿಕೊಂಡು ನಿಂತಿದ್ದಾರೆ ಎಂದು ಅಂದು ತಿಳಿಯಿತು.

ಈ ದಿನ ನಾವು ಮಾತನಾಡಬೇಕೆಂದಿರುವುದು ಆ ಬೋರ್ಡಿನ ವಿಷಯ. ಅದರ ಹಿಂದೆ ಇರುವ ಲೈಸೆನ್ಸಿನ ವಿಷಯ. ಕುಡಿಯುವವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಹೀಯಾಳಿಸುವುದಕ್ಕೆ ನಾವು ಬಂದಿಲ್ಲ. ದಿನವಿಡೀ ಮೂಟೆ ಹೊತ್ತವನ ಮೈನೋವು ನಮಗೆ ಗೊತ್ತು. ಬಾರಿನಲ್ಲಿ ಲೋಟ ತೊಳೆಯುವ ಹುಡುಗನೂ ನಮ್ಮವನೇ. ನಮ್ಮ ಪ್ರಶ್ನೆ ಬೇರೆ. ಲೈಸೆನ್ಸೆಂಬುದು ಸರ್ಕಾರವು ನಿಮ್ಮ ಹೆಸರಿನಲ್ಲಿ, ನಮ್ಮ ಹೆಸರಿನಲ್ಲಿ ಕೊಡತಕ್ಕ ಅನುಮತಿ. ಕೊಡುವಾಗ ಯಾರನ್ನು ಕೇಳಿ ಕೊಟ್ಟರು?

ಮೊದಲು ಬೋರ್ಡುಗಳನ್ನು ಓದೋಣ. ಅಬಕಾರಿಯ ಕಾಗದದಲ್ಲಿ ಲೈಸೆನ್ಸುಗಳಿಗೆ ನಂಬರುಗಳಿವೆ. ಸಿ.ಎಲ್. 2 ಎಂದರೆ ಬಾಟಲಿ ಮಾರುವ ಅಂಗಡಿ; ಅಲ್ಲಿ ಕೊಂಡುಕೊಳ್ಳಬಹುದು, ಕುಳಿತು ಕುಡಿಯುವಂತಿಲ್ಲ. ಸಿ.ಎಲ್. 9 ಎಂದರೆ ಬಾರು. ಅಲ್ಲಿ ಊಟ ತಿಂಡಿಯ ಜೊತೆಗೆ ಕುಳಿತು ಕುಡಿಯಬಹುದು. ಸಿ.ಎಲ್. 7 ಎಂದರೆ ತಂಗುವ ಕೋಣೆಗಳುಳ್ಳ ಹೋಟೆಲು. ಸಿ.ಎಲ್. 11-ಸಿ ಎಂದರೆ ಸರ್ಕಾರದ್ದೇ ಆದ ಎಂ.ಎಸ್.ಐ.ಎಲ್. ಮಳಿಗೆ. ಇಷ್ಟು ತಿಳಿದುಕೊಂಡು ಪೇಟೆಯಲ್ಲಿ ಒಂದು ಸುತ್ತು ಹಾಕಿ. ಬಾಟಲಿ ಮಾರತಕ್ಕ ಅಂಗಡಿಯ ಪಕ್ಕದ ಗೋಡೆಗೆ ಒರಗಿ ಎಷ್ಟು ಜನ ನಿಂತು ಕುಡಿಯುತ್ತಾರೆ, ನೋಡಿ. “ರೆಸ್ಟೋರೆಂಟ್” ಎಂದು ಬರೆದ ಕಡೆ ಅನ್ನ ಬೇಯುತ್ತದೆಯೇ, ಇಲ್ಲ ಬರಿಯ ಕಡಲೆಕಾಯಿ ಬೀಜ ಮಾತ್ರವೇ, ನೋಡಿ. “ಫ್ಯಾಮಿಲಿ” ಎಂಬ ಮಾತು ಬರೆದ ಕಡೆ ಹೆಂಡತಿ ಮಕ್ಕಳ ಜೊತೆಗೆ ಕಾಲಿಡಲು ಧೈರ್ಯ ಬರುತ್ತದೆಯೇ, ನೀವೇ ಹೇಳಿ. ಎಲ್ಲರೂ ಹಾಗೆಂದು ನಾವು ಹೇಳುವುದಿಲ್ಲ. ಮರ್ಯಾದೆಯಿಂದ ಹೋಟೆಲು ನಡೆಸುವವರು ಮೂರೂ ಊರಿನಲ್ಲಿದ್ದಾರೆ. ಸುಳ್ಳು ಬೋರ್ಡಿನಿಂದ ಮೊದಲು ಕೆಡುವುದು ಅವರ ವ್ಯಾಪಾರವೇ.

ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ನಮಗೆ ಸಂತೋಷ. ಆದರೆ 60 ಭಾಗ ಕನ್ನಡವಾದ ಮೇಲೆ ಎಷ್ಟು ಭಾಗ ನಿಜ ಇರಬೇಕೆಂದು ಯಾರೂ ಕೇಳಲಿಲ್ಲ. ಇಡ್ಲಿ ಮಾರುವ ಬಡ ಹೋಟೆಲಿನವನು ತನ್ನ ಆಹಾರ ಲೈಸೆನ್ಸನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. 2022ರ ಜನವರಿಯಿಂದ 14 ಅಂಕಿಗಳ ನಂಬರನ್ನು ಬಿಲ್ಲಿನ ಮೇಲೂ ಹಾಕಬೇಕು. ಇಡ್ಲಿಗೆ ಇಷ್ಟು ಲೆಕ್ಕ ಕೇಳುವವರು ಹೆಂಡಕ್ಕೂ ಅಷ್ಟೇ ಗಟ್ಟಿಯಾಗಿ ಕೇಳಲಿ.

ಇನ್ನು ದೂರದ ಮಾತು. ತುಮಕೂರಿನಿಂದ ಅರಸೀಕೆರೆ, ಕಡೂರು, ಬೀರೂರು, ತರೀಕೆರೆಗಳನ್ನು ಪೋಣಿಸಿಕೊಂಡು ಶಿವಮೊಗ್ಗ, ಹೊನ್ನಾವರಕ್ಕೆ ಹೋಗುವ ಹೆದ್ದಾರಿ, ಹಿಂದೆ 206ನೆಯ ನಂಬರಿನದು, ನಮ್ಮ ಪೇಟೆಗಳನ್ನು ಬೆಳೆಸಿದ ರಸ್ತೆ. ಈ ರಸ್ತೆಗೂ ಹೆಂಡದ ಬೋರ್ಡಿಗೂ ದೆಹಲಿಯಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಹೆದ್ದಾರಿಗಳಲ್ಲಿ ಕುಡಿದು ಗಾಡಿ ಓಡಿಸಿ ಸಾಯುವವರನ್ನೂ ಸಾಯಿಸುವವರನ್ನೂ ಕಂಡು ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು: ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳ 500 ಮೀಟರಿನೊಳಗೆ ಹೆಂಡದಂಗಡಿ ಇರಬಾರದು, ಹೆದ್ದಾರಿಗೆ ಅಂಗಡಿ ಕಾಣಬಾರದು, ಹೆಂಡ ದೊರೆಯುತ್ತದೆಂದು ಸಾರುವ ಬೋರ್ಡುಗಳನ್ನೆಲ್ಲ ಕೂಡಲೆ ಕಿತ್ತುಹಾಕಬೇಕು. 2017ರ ಮಾರ್ಚ್ 31ರಂದು, 20,000ಕ್ಕಿಂತ ಹೆಚ್ಚು ಜನವಿಲ್ಲದ ಊರುಗಳಿಗೆ ಈ ಅಂತರವನ್ನು 220 ಮೀಟರಿಗೆ ಇಳಿಸಿದರು. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಆದುದರಿಂದ 2017ರ ಜುಲೈ 1ರಂದು ಬೆಂಗಳೂರಿನ ಎಂ.ಜಿ. ರಸ್ತೆಯ ಬಾರುಗಳು ಕೂಡ ಬಾಗಿಲು ಹಾಕಬೇಕಾಯಿತು.

ಎಷ್ಟು ದಿನ? ಜುಲೈ 11ಕ್ಕೆ ಕೋರ್ಟು, ಪುರಸಭೆ ನಗರಸಭೆಗಳ ಗಡಿಯೊಳಗಿನ ಲೈಸೆನ್ಸುಗಳಿಗೆ ಈ ನಿಷೇಧ ಅಡ್ಡಿಯಲ್ಲವೆಂದು ವಿವರಿಸಿತು. 2018ರ ಫೆಬ್ರವರಿ 23ರಂದು ಪಂಚಾಯಿತಿಗಳ ವ್ಯಾಪ್ತಿಯಲ್ಲಿಯೂ ಏನು ಮಾಡಬೇಕೆಂಬುದನ್ನು ರಾಜ್ಯ ಸರ್ಕಾರಗಳೇ ನೋಡಿಕೊಳ್ಳಲಿ ಎಂದಿತು. ಕಡೂರೂ ಪುರಸಭೆ, ತರೀಕೆರೆಯೂ ಪುರಸಭೆ. ಅಲ್ಲಿಗೆ 500 ಮೀಟರಿನ ಕಥೆ ಮುಗಿಯಿತು.

ಅಳತೆಯ ಹೆಸರಿನಲ್ಲಿ ಏನೇನು ನಡೆಯುತ್ತದೆಂಬುದಕ್ಕೆ ಒಂದು ನಿಜವಾದ ಸಂಗತಿ ಕೇಳಿ. ಕೇರಳದ ಪರವೂರಿನಲ್ಲಿ 2017ರಲ್ಲಿ ಒಬ್ಬ ಬಾರಿನವರು ಅಂಗಡಿಯನ್ನು ಒಂದು ಅಂಗುಲವೂ ಕದಲಿಸಲಿಲ್ಲ. ಬಾಗಿಲ ಮುಂದಿನ ಬಯಲಿನಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹೋಗುವ ಓಣಿಯನ್ನು ಕಟ್ಟಿ, ನಡೆಯುವ ದೂರವನ್ನು ಹೆಚ್ಚಿಸಿದರು! ಕಾನೂನಿಗೆ ದೂರ ಸಿಕ್ಕಿತು, ಕುಡಿಯುವವನಿಗೆ ವ್ಯಾಯಾಮ ಸಿಕ್ಕಿತು. ಅಬಕಾರಿಯವರು ಆಮೇಲೆ ದಂಡ ಹಾಕಿದರು, ಅದು ಬೇರೆ ಮಾತು.

ಆದರೆ ಸೋದರರೇ, ಇಷ್ಟೆಲ್ಲ ಅಳತೆ ನಡೆದದ್ದು ಯಾರಿಗಾಗಿ? ರಸ್ತೆಯಲ್ಲಿ ಗಾಡಿ ಓಡಿಸುವವನಿಗಾಗಿ. ಅವನ ಪ್ರಾಣವೂ ಪ್ರಾಣವೇ, ನಾವು ಬೇಡವೆನ್ನುವುದಿಲ್ಲ. ಆದರೆ ಹೆದ್ದಾರಿಯಿಂದ 500 ಮೀಟರ್ ಒಳಕ್ಕೆ ಏನಿದೆ? ಓಣಿ ಇದೆ, ಮನೆಗಳಿವೆ, ನೀರಿನ ನಲ್ಲಿ ಇದೆ, ಕೇರಿ ಇದೆ. ತರೀಕೆರೆಯ ಸೀಮೆಯಲ್ಲಿ ಅಡಕೆ ಸುಲಿದು ಕತ್ತಲಾದ ಮೇಲೆ ಮನೆಗೆ ಬರುವ ತಾಯಿ, ಅಜ್ಜಂಪುರದ ಕಡೆ ಈರುಳ್ಳಿ ಹೊಲದಿಂದ ಕೂಲಿ ಹಿಡಿದು ಬರುವ ತಂಗಿ, ಇವರು ನಡೆಯುವುದು ಆ ಓಣಿಯಲ್ಲಿ. ಹೆದ್ದಾರಿಯಿಂದ ಎಷ್ಟು ದೂರವೆಂದು ದೇಶದ ದೊಡ್ಡ ಕೋರ್ಟು ಅಳೆಯಿತು. ಈ ತಾಯಿಯ ಹೊಸ್ತಿಲಿನಿಂದ ಎಷ್ಟು ದೂರವೆಂದು ಅಳೆಯುವವರು ಯಾರು?

ಅಳೆಯಬೇಕೆಂದು ನಿಯಮವೇನೋ ಇದೆ. 1967ರ ಅಬಕಾರಿ ಲೈಸೆನ್ಸು ನಿಯಮಗಳ ಪ್ರಕಾರ ಶಾಲೆ, ದೇವಸ್ಥಾನ ಮಸೀದಿ ಇಗರ್ಜಿ, ಆಸ್ಪತ್ರೆ, ಸರ್ಕಾರಿ ಕಚೇರಿ, ಇವುಗಳಿಂದ 100 ಮೀಟರಿನೊಳಗೆ ಲೈಸೆನ್ಸು ಕೊಡಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸ ಮಾಡುವ ಬಡಾವಣೆಯಲ್ಲಿಯೂ ಕೊಡಕೂಡದು. ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು. ನೂರು ಮೀಟರೆಂದರೆ ನಮ್ಮ ಶಾಲೆಯ ಹುಡುಗರು ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಎಳೆಯುವ ದೂರ. ಅದನ್ನು ಟೇಪು ಹಿಡಿದು ಅಳೆಯುವುದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ.

“1992ರಿಂದ ಹೊಸ ಸಿ.ಎಲ್. 2, ಸಿ.ಎಲ್. 9 ಲೈಸೆನ್ಸು ಕೊಟ್ಟಿಲ್ಲವಲ್ಲ?” ಎಂದು ಸರ್ಕಾರ ದಶಕಗಳ ಕಾಲ ಹೇಳಿಕೊಂಡು ಬಂದಿತು. ನಿಜ. ಆದರೆ ಲೈಸೆನ್ಸು ಹಳೆಯದಾದರೂ ಜಾಗ ಹೊಸದಾಗಬಹುದು. ಒಂದು ಕಡೆಯ ಅಂಗಡಿ ಇನ್ನೊಂದು ಕಡೆಗೆ ಎದ್ದು ಬರಬಹುದು. ಒಬ್ಬರ ಹೆಸರಿನದು ಇನ್ನೊಬ್ಬರ ಹೆಸರಿಗೆ ಹೋಗಬಹುದು. ನಿನ್ನೆ ದಿನಸಿ ಅಂಗಡಿಯಿದ್ದ ಕಡೆ ನಾಳೆ ದೀಪದ ಬೋರ್ಡು ಏರಿದಾಗಲೇ ಬೀದಿಯವರಿಗೆ ವಿಷಯ ಗೊತ್ತಾಗುವುದು. ಈಗಂತೂ, ಬಳಕೆಯಾಗದೆ ಉಳಿದ ಲೈಸೆನ್ಸುಗಳನ್ನು ಹರಾಜು ಹಾಕುವುದಾಗಿ 2025ರ ಬಜೆಟ್ಟಿನಲ್ಲಿಯೇ ಹೇಳಿದರು.

ಏಕೆ? ಹಣ. 2024–25ರಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. 2025–26ಕ್ಕೆ ಅದನ್ನು 40,000 ಕೋಟಿಗೆ ಏರಿಸಿದರು. ಸಂವಿಧಾನದ 47ನೆಯ ವಿಧಿ ಪಾನನಿರೋಧಕ್ಕೆ ಪ್ರಯತ್ನಪಡು ಎನ್ನುತ್ತದೆ. ಬಜೆಟ್ಟು ಮಾರಾಟ ಹೆಚ್ಚಿಸು ಎನ್ನುತ್ತದೆ. 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿದರು. ಸಾರಾಯಿ ಪ್ಯಾಕೆಟ್ಟು ಹೋಯಿತು. ಅದೇ ಬಾಯಿಗೆ ಬ್ರಾಂದಿ ವಿಸ್ಕಿ ಬಂತು, ಅದೇ ಬೀದಿಗೆ ಹೊಸ ಬೋರ್ಡು ಬಂತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಎಂದು ತಿಂಗಳಿಗೆ 2,000 ರೂಪಾಯಿ ಕೊಡತೊಡಗಿದರು. ಒಳ್ಳೆಯದು, ಅದು ಹೆಂಗಸಿನ ಹಕ್ಕು. ಆದರೆ ಅದೇ ವರ್ಷದ ಜುಲೈ ಬಜೆಟ್ಟಿನಲ್ಲಿ ಹೆಂಡದ ಮೇಲಿನ ಸುಂಕವನ್ನು ನೂರಕ್ಕೆ 20 ಏರಿಸಿದರು. ಸುಂಕ ಏರಿದರೆ ಕುಡಿತ ಬಿಡುವನೇ? ಬಿಡುವವನು ಬಿಟ್ಟಾನು. ಬಿಡಲಾರದವನು ಮನೆಯ ಡಬ್ಬಿಗೆ ಕೈ ಹಾಕುತ್ತಾನೆ. ಹೆಂಡತಿಯ ಕೈಗೆ ಕೊಟ್ಟದ್ದನ್ನು ಗಂಡನ ಕೈಯಿಂದ ವಾಪಸು ತೆಗೆದುಕೊಳ್ಳುವ ಈ ಲೆಕ್ಕ ನಮ್ಮ ಮೂರನೆಯ ತರಗತಿಯ ಹುಡುಗನಿಗೂ ತಿಳಿಯುತ್ತದೆ.

ಹೆಂಗಸರಿಗೆ ಇದು ಮೊದಲೇ ತಿಳಿದಿತ್ತು. 2019ರ ಜನವರಿಯಲ್ಲಿ ನಮ್ಮ ನೆರೆಯ ಚಿತ್ರದುರ್ಗದಿಂದ ಬೆಂಗಳೂರಿಗೆ, 200 ಕಿಲೋಮೀಟರಿಗೂ ಹೆಚ್ಚು ದೂರ, ಬಡ ಹೆಂಗಸರು ಪಾನನಿರೋಧಕ್ಕಾಗಿ ಕಾಲ್ನಡಿಗೆಯಲ್ಲಿ ಹೋದರು. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸುವ ನಿಯಮವೇ ಇದೆ. ನಿಂತ ಬಾಟಲಿ, ಮಲಗಿದ ಬಾಟಲಿ ಎಂದು ಎರಡು ಗುರುತು. ಮಲಗಿದ ಬಾಟಲಿ ಗೆದ್ದರೆ ಅಂಗಡಿ ಹೋಗಬೇಕು. ಅಲ್ಲಿ ಆಗುವುದು ಇಲ್ಲೇಕೆ ಆಗಬಾರದು?

ಆದುದರಿಂದ ಮೂರೂ ಊರಿನ ಪರವಾಗಿ ನಾಲ್ಕು ಮಾತು ಕೇಳುತ್ತೇವೆ.

ಒಂದು, ಲೈಸೆನ್ಸು ಹೊಸ ವರ್ಷಕ್ಕೆ ನವೀಕರಣವಾಗುವುದು ಜುಲೈ 1ಕ್ಕೆ. ಅದಕ್ಕೆ ಮುಂಚೆ, ಮೇ ತಿಂಗಳಲ್ಲಿಯೇ, ಎಲ್ಲ ಲೈಸೆನ್ಸುಗಳ ಪಟ್ಟಿಯನ್ನೂ ಜಾಗ ಬದಲಾವಣೆಯ ಅರ್ಜಿಗಳನ್ನೂ ಕಡೂರು, ತರೀಕೆರೆಗಳಲ್ಲಿ ಪುರಸಭೆಯ ಗೋಡೆಗೆ, ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದ ಅಜ್ಜಂಪುರದಲ್ಲಿ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಬೇಕು.

ಎರಡು, 100 ಮೀಟರಿನ ಅಳತೆ ಹಗಲು ಹೊತ್ತಿನಲ್ಲಿ, ಬೀದಿಯವರ ಎದುರಿಗೆ, ಶಾಲೆಯ ಮೇಷ್ಟರನ್ನು ಜೊತೆಗಿಟ್ಟುಕೊಂಡು ನಡೆಯಬೇಕು.

ಮೂರು, ಬೋರ್ಡು ನಿಜ ಹೇಳಬೇಕು. ಯಾವ ಬಗೆಯ ಲೈಸೆನ್ಸು, ನಂಬರೇನು, ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚಬೇಕು, ಕುಳಿತು ಕುಡಿಯಬಹುದೇ ಇಲ್ಲವೇ ಎಂಬುದನ್ನು ರಸ್ತೆಯಲ್ಲಿ ನಿಂತವನಿಗೆ ಓದಲು ಬರುವಂತೆ ಕನ್ನಡದಲ್ಲಿ ಬರೆಯಬೇಕು. ಹೆಂಡದ ಕಂಪನಿಯ ಹೆಸರನ್ನು ಸೋಡಾ ಎಂದು ಸಾರುವ ಬಣ್ಣದ ಬೋರ್ಡುಗಳು ಶಾಲೆಯ ದಾರಿಯಿಂದ ಇಳಿಯಬೇಕು.

ನಾಲ್ಕು, ಬೀದಿಯ ಹೆಂಗಸರು ಬೇಡವೆಂದರೆ ಅಂಗಡಿ ಬರಬಾರದು; ಅದಕ್ಕೆ ಬೇಕಾದಂತೆ ಕಾನೂನು ತಿದ್ದಬೇಕು.

ಕಾನೂನು ತಿದ್ದುವವರೆಗೆ ಸುಮ್ಮನೆ ಕೂಡಬೇಕಾಗಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ, ನಿಮ್ಮ ಬೀದಿಯ ಲೈಸೆನ್ಸಿನ ನಕಲನ್ನೂ ಅಳತೆಯ ನಕ್ಷೆಯನ್ನೂ ಕೇಳಬಹುದು. ಜಿಲ್ಲಾಧಿಕಾರಿಗಳಿಗೂ ಅಬಕಾರಿ ಇಲಾಖೆಗೂ ಹತ್ತು ಮನೆಯವರು ಸೇರಿ ಸಹಿ ಮಾಡಿದ ತಕರಾರು ಕಳಿಸಬಹುದು. ಒಬ್ಬರು ಹೋದರೆ ಗುಮಾಸ್ತರು “ನಾಳೆ ಬಾ” ಎನ್ನುತ್ತಾರೆ. ನೂರು ಜನ ಹೋದರೆ ಕುರ್ಚಿ ಹಾಕುತ್ತಾರೆ. ಆ ಅರ್ಜಿ ಬರೆದುಕೊಡುವ ಕೆಲಸ ನಮ್ಮದು. ಅಕ್ಷರ ಕಲಿತದ್ದಕ್ಕೆ ಅಷ್ಟಾದರೂ ಉಪಯೋಗವಾಗಲಿ.

ಆ ಸ್ಲೇಟನ್ನು ನಾವು ಮರೆತಿಲ್ಲ. ಮಕ್ಕಳು ಓದುವುದನ್ನು ನಿಲ್ಲಿಸಲಾರೆವು, ನಿಲ್ಲಿಸಬಾರದು. ಅವರು ಓದುವ ಬೋರ್ಡು ಸುಳ್ಳಾಗದಂತೆ, ಅದರ ಹಿಂದಿನ ಲೈಸೆನ್ಸು ಊರಿನ ಕಣ್ಣು ತಪ್ಪಿಸಿ ಬಂದದ್ದಾಗದಂತೆ ನೋಡಿಕೊಳ್ಳುವುದು ದೊಡ್ಡವರಾದ ನಮ್ಮ ನಿಮ್ಮ ಹೊಣೆ. ಬರುವ ಮೇ ತಿಂಗಳಲ್ಲಿ ಟೇಪು ನಾವು ತರುತ್ತೇವೆ. ಅದರ ಇನ್ನೊಂದು ತುದಿ ಹಿಡಿಯಲು ನೀವು ಬನ್ನಿ.