ಊರು ಬಿಟ್ಟ ಹುಡುಗರ ಆಟ



ಮಂಜುಗಡ್ಡೆಯ ಮೇಲಿನ ಹಾಕಿ ನಮಗೆ ಹೊಸತು. ಅದನ್ನಾಡುವ ಹುಡುಗರ ಬಾಳು ಹೊಸತಲ್ಲ. ಕೆನಡಾದ ವೆಸ್ಟರ್ನ್ ಹಾಕಿ ಲೀಗಿನಲ್ಲಿ ಹದಿನಾರರಿಂದ ಇಪ್ಪತ್ತರ ಹುಡುಗರು ಹೆತ್ತವರನ್ನು ಬಿಟ್ಟು, ತಂಡದ ಊರಿನಲ್ಲಿ ಬೇರೆ ಯಾರದೋ ಮನೆಯಲ್ಲಿ ಉಂಡು ಮಲಗುತ್ತಾರೆ. 1986-87ರ ಋತುವಿನಲ್ಲಿ ತಂಡವೊಂದಕ್ಕೆ 72 ಪಂದ್ಯ. ದೂರದೂರಕ್ಕೆ ಬಸ್ಸಿನಲ್ಲಿ, ಹಿಮದ ದಾರಿಯಲ್ಲಿ ಪ್ರಯಾಣ.

ಸ್ವಿಫ್ಟ್ ಕರೆಂಟ್ ಎಂಬ ಸಣ್ಣ ಪಟ್ಟಣಕ್ಕೆ ಅದರ ಬ್ರಾಂಕೋಸ್ ತಂಡ ಹನ್ನೆರಡು ವರ್ಷಗಳ ಮೇಲೆ ಮರಳಿ ಬಂದ ಋತು ಅದು. 1986ರ ಡಿಸೆಂಬರ್ 30ರಂದು ರಿಜೈನಾಕ್ಕೆ ಆಡಲು ಹೊರಟ ಬಸ್ಸು ಹಿಮಗಟ್ಟಿದ ರಸ್ತೆಯಲ್ಲಿ ಜಾರಿ ಉರುಳಿತು. ನಾಲ್ವರು ಹುಡುಗರು ತೀರಿಕೊಂಡರು. ಉಳಿದವರು ಋತುವನ್ನು ಆಡಿ ಮುಗಿಸಿದರು. 1989ರಲ್ಲಿ ಅದೇ ತಂಡ, ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು ಆರಂಭವಾದ ಮೆಮೋರಿಯಲ್ ಕಪ್ ಗೆದ್ದಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚಪ್ಪಾಳೆ ತಟ್ಟಿ ಏಳಬಹುದಿತ್ತು. ಆದರೆ ಕಪ್ ಗೆಲ್ಲಿಸಿದ ತರಬೇತುದಾರನಿಗೇ, ತನ್ನ ಆಟಗಾರರ ಮೇಲೆ ಲೈಂಗಿಕ ಅತ್ಯಾಚಾರ ನಡೆಸಿದ್ದಕ್ಕಾಗಿ 1997ರಲ್ಲಿ ಮೂರೂವರೆ ವರ್ಷದ ಸೆರೆಯಾಯಿತು. ಅವನ ವಿರುದ್ಧ ಧೈರ್ಯವಾಗಿ ಬಾಯಿಬಿಟ್ಟವನು ಷೆಲ್ಡನ್ ಕೆನೆಡಿ. ಆ ಬಸ್ಸಿನಲ್ಲಿ ಬದುಕುಳಿದವರಲ್ಲಿ ಒಬ್ಬ.

ಬಂಧುಗಳೇ, ಊರು ಬಿಟ್ಟು ಬಂದ ಹುಡುಗನಿಗೆ ಅನ್ನ, ಹಾಸಿಗೆ ಸಿಕ್ಕರಷ್ಟೇ ಸಾಲದು. ನಮ್ಮ ಕೋಣೆಗಳಿಗೂ ಅಂಥವರು ಬರುತ್ತಾರೆ. ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತೇವೆ. “ಅಲ್ಲಿ ನಿನ್ನನ್ನು ಹೇಗೆ ನಡೆಸಿಕೊಳ್ತಾರಪ್ಪ?” ಎಂದೂ ಕೇಳೋಣ. ಅವನು ಹೇಳಿದರೆ ನಂಬೋಣ.